ಧೋಲ್ ಎಂಬ ಪದದ ಊರು ಯಾವುದು?

ಇಂಗ್ಲಿಷಿನಲ್ಲಿ ‘ಧೋಲ್’ ಎಂದೊಂದು ಪದವಿದೆ. ಡಿ, ಎಚ್, ಓ, ಎಲ್, ಇ ಎಂದು ಐದು ಅಕ್ಷರಗಳಲ್ಲಿ ಬರೆಯುತ್ತಾರೆ. ಅವರ ಉಚ್ಚಾರಣೆಯಲ್ಲಿ ಅದು ‘ಡೋಲ್’ ಆಗುತ್ತದೆ. ಇಂಗ್ಲಿಷ್ ಮನೆಮಾತಿನವರಲ್ಲೂ ಹೆಚ್ಚಿನವರು ಇದನ್ನು ಜೀವನದಲ್ಲಿ ಒಮ್ಮೆಯೂ ಬಳಸಿರುವುದಿಲ್ಲ. ಅಷ್ಟು ಅಪರೂಪದ ಪದ. ಆದರೆ ಅದು ಯಾವ ಪ್ರಾಣಿಯ ಹೆಸರೋ ಆ ಪ್ರಾಣಿ ನಮಗೆ ಅಪರೂಪದ್ದಲ್ಲ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ದಾಂಡೇಲಿ ಕಾಡುಗಳ ಕಾಡುನಾಯಿ ಅದು. ಸೀಳುನಾಯಿ ಎಂದರೂ ಅದೇ, ಕೆನ್ನಾಯಿ ಎಂದರೂ ಅದೇ.

ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ಈ ಪದದ ಮೂಲ ಹುಡುಕಿದರೆ ನಮ್ಮ ಭಾಷೆಯ ಹೆಸರು ಸಿಗುತ್ತದೆ. ಬಹುಶಃ ಕನ್ನಡದ ‘ತೋಳ’ದಿಂದ ಬಂದಿರಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಇದನ್ನು ಓದಿದ ಕನ್ನಡಿಗನಿಗೆ ಸಂತೋಷವಾಗುವುದು ಸಹಜ, ನನಗೂ ಆಯಿತು. ನಿಘಂಟುಕಾರರು ಅಲ್ಲಿ ಎಚ್ಚರದಿಂದ ಇಟ್ಟಿರುವ ‘ಬಹುಶಃ’ ಎಂಬ ಮಾತನ್ನು ನಾವು ಮಾತ್ರ ಸಲೀಸಾಗಿ ನುಂಗಿಬಿಡುತ್ತೇವೆ. ಎರಡು ಸಲ ಹಂಚಿಕೊಳ್ಳುವಷ್ಟರಲ್ಲಿ ‘ಇಂಗ್ಲಿಷಿಗೆ ಕನ್ನಡ ಕೊಟ್ಟ ಪದ’ ಎಂದು ಅದು ಖಚಿತವಾಗಿಬಿಡುತ್ತದೆ. ಆ ‘ಬಹುಶಃ’ದ ಒಳಗೆ ಏನಿದೆ ಎಂದು ಬಿಡಿಸಿ ನೋಡುವುದಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ.

ಮೊದಲು ಪ್ರಾಣಿಯನ್ನು ನೋಡೋಣ. ಪ್ರಾಣಿ ಕಣ್ಣ ಮುಂದಿಲ್ಲದಿದ್ದರೆ ಹೆಸರಿನ ಚರ್ಚೆ ಗಾಳಿಯಲ್ಲಿ ನಡೆಯುತ್ತದೆ. ಊರನಾಯಿಯಷ್ಟೇ ಗಾತ್ರ, 15 ಕಿಲೋ ಆಸುಪಾಸಿನ ತೂಕ. ಮೈ ಕಾವಿ ಬಣ್ಣ, ಬಾಲ ಕಪ್ಪು ಕುಚ್ಚು. ಕಿವಿಯ ತುದಿ ಚೂಪಲ್ಲ, ದುಂಡಗೆ. ನಾಯಿ, ತೋಳ, ನರಿಗಳ ಕೆಳದವಡೆಯಲ್ಲಿ ಒಂದೊಂದು ಬದಿಗೆ ಮೂರು ಕಡೆಹಲ್ಲುಗಳಿದ್ದರೆ ಇದಕ್ಕೆ ಎರಡೇ. ಅದಕ್ಕೇ ಮೂತಿ ಕೊಂಚ ಗಿಡ್ಡ. ಗುಂಪಿನಲ್ಲಿ ಬೇಟೆಯಾಡುತ್ತದೆ, ಜಿಂಕೆ ಬಿದ್ದ ಮೇಲೆ ಅದರ ಪ್ರಾಣ ಹೋಗುವವರೆಗೂ ಕಾಯುವುದಿಲ್ಲ, ಹೊಟ್ಟೆಯ ಕಡೆಯಿಂದ ತಿನ್ನಲು ತೊಡಗುತ್ತದೆ. ಇದನ್ನು ಕಂಡ ಬ್ರಿಟಿಷ್ ಬೇಟೆಗಾರರು ಇದನ್ನು ಕ್ರೂರಿ ಎಂದು ಹೀಗಳೆದರು, ತಲೆಗಿಷ್ಟು ಬಹುಮಾನ ಕೊಟ್ಟು ಕೊಲ್ಲಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವವರೆಗೂ ಆ ಬಹುಮಾನ ಪೂರ್ತಿ ನಿಂತಿರಲಿಲ್ಲ. ಇಂದು ಜಗತ್ತಿನಲ್ಲಿ ಉಳಿದಿರುವ ಪ್ರಾಯದ ಕಾಡುನಾಯಿಗಳು 949ರಿಂದ 2,215 ಎಂಬುದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಂದಾಜು. ಹುಲಿಗಿಂತಲೂ ಕಡಿಮೆ ಉಳಿದಿರುವ ಪ್ರಾಣಿಯ ಹೆಸರಿನ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ನೆನಪಿರಲಿ.

ಇನ್ನೊಂದು ಲಕ್ಷಣ, ಇದರ ದನಿ. ಇದು ತೋಳದಂತೆ ಊಳಿಡುವುದಿಲ್ಲ, ಶಿಳ್ಳೆ ಹಾಕುತ್ತದೆ. ದಟ್ಟ ಪೊದೆಗಳಲ್ಲಿ ಚದುರಿದ ಗುಂಪು ಶಿಳ್ಳೆಯಿಂದಲೇ ಮತ್ತೆ ಒಂದಾಗುತ್ತದೆ. ಎ.ಜೆ.ಟಿ. ಜಾನ್‌ಸಿಂಗ್ ಅವರು 1970ರ ದಶಕದಲ್ಲಿ ಬಂಡೀಪುರದಲ್ಲಿದ್ದು ಈ ಪ್ರಾಣಿಯನ್ನು ಅಭ್ಯಾಸ ಮಾಡಿದರು. ಆಮೇಲೆ ಕೃಪಾಕರ ಮತ್ತು ಸೇನಾನಿ ವರ್ಷಗಟ್ಟಲೆ ಇದರ ಬೆನ್ನು ಹತ್ತಿ ಚಿತ್ರೀಕರಿಸಿದರು. ಕಾಡುನಾಯಿ ಕೊಲೆಗಡುಕನಲ್ಲ, ಮರಿಗಳನ್ನು ಇಡೀ ಗುಂಪು ಸೇರಿ ಸಾಕುವ ಕುಟುಂಬಸ್ಥ ಎಂದು ಜನ ಇಂದು ಅರಿತಿದ್ದರೆ ಅದರಲ್ಲಿ ಇಂಥವರ ಪಾಲು ದೊಡ್ಡದು.

ಈಗ ಪದಕ್ಕೆ ಬರೋಣ. ಇಂಗ್ಲಿಷ್ ಬರಹದಲ್ಲಿ ‘ಧೋಲ್’ ಕಾಣಿಸುವುದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ. ಬಂಗಾಳದ ಸೇನೆಯಲ್ಲಿದ್ದ ಥಾಮಸ್ ವಿಲಿಯಮ್ಸನ್ ಎಂಬ ಕ್ಯಾಪ್ಟನ್ ಭಾರತದ ಬೇಟೆಗಳನ್ನು ಕುರಿತು 40 ಬಣ್ಣದ ಚಿತ್ರಗಳಿರುವ ಒಂದು ದೊಡ್ಡ ಪುಸ್ತಕ ಬರೆದ. ಚಿತ್ರ ಬರೆದ ಸ್ಯಾಮುಯೆಲ್ ಹೋವಿಟ್ ಭಾರತವನ್ನು ಕಂಡವನೇ ಅಲ್ಲ, ಅದು ಬೇರೆ ಮಾತು. ತಾನು ರಾಮಗಢ ಸೀಮೆಯಲ್ಲಿ ಈ ಪ್ರಾಣಿಯನ್ನು ಕಂಡೆ, ಅಲ್ಲಿಯ ಜನ ಇದನ್ನು ಸಾಮಾನ್ಯವಾಗಿ ‘ಧೋಲ್’ ಎನ್ನುತ್ತಾರೆ ಎಂದು ವಿಲಿಯಮ್ಸನ್ ಹೇಳುತ್ತಾನೆ. ರಾಮಗಢ ಇರುವುದು ಇಂದಿನ ಜಾರ್ಖಂಡಿನಲ್ಲಿ. ಈ ಊರಿನ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕನ್ನಡದ ವಾದಕ್ಕೆ ಮುಂದೆ ಅಡ್ಡ ನಿಲ್ಲುವುದು ಇದೇ ಊರು.

1827ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಎಂಬ ಪ್ರಾಣಿಶಾಸ್ತ್ರಜ್ಞ ಈ ಪದವನ್ನು ಕೈಗೆತ್ತಿಕೊಂಡ. ಪೂರ್ವದೇಶಗಳ ಹಲವು ಕಡೆ ಈ ಹೆಸರಿದೆ ಎಂದ. ಯಾವ ದೇಶ, ಯಾವ ಭಾಷೆ ಎನ್ನಲಿಲ್ಲ. ಆಮೇಲೆ ತುರ್ಕಿ ಭಾಷೆಯ ‘ದೆಲಿ’ ಎಂಬ ಪದವನ್ನು ತಂದು ಇದರ ಪಕ್ಕ ನಿಲ್ಲಿಸಿದ. ‘ದೆಲಿ’ ಎಂದರೆ ಹುಚ್ಚು, ಉನ್ಮತ್ತ. ಅಷ್ಟಕ್ಕೇ ನಿಲ್ಲದೆ ಡಚ್ ಭಾಷೆಯ ‘ಡಾಲ್’, ಜರ್ಮನ್ನಿನ ‘ಟಾಲ್’ ಎಂಬ ಪದಗಳನ್ನೂ ಇದೇ ಸಾಲಿಗೆ ಸೇರಿಸಿದ. ಅವುಗಳಿಗೂ ಹುಚ್ಚು ಎಂಬ ಅರ್ಥವಿದೆ. ಆದರೆ ಆ ಎರಡೂ ಜರ್ಮಾನಿಕ್ ಬೇರಿನಿಂದ ಬಂದವು, ತುರ್ಕಿಗೂ ಅವಕ್ಕೂ ಕೊಡುಕೊಳ್ಳುವಿಕೆ ಇಲ್ಲ. ದನಿ ಹೋಲುತ್ತದೆ, ಅರ್ಥವೂ ಹೊಂದುತ್ತದೆ ಎಂದು ಪದಗಳನ್ನು ಜೋಡಿಸುತ್ತ ಹೋದರೆ ಎಲ್ಲಿಗೆ ಬೇಕಾದರೂ ತಲುಪಬಹುದು. ಸ್ಮಿತ್ ಸಾಮಾನ್ಯ ಮನುಷ್ಯನಲ್ಲ, ತನ್ನ ಕಾಲದ ವಿದ್ವಾಂಸ. ಅವನು ಎಡವಿದ ಜಾಗದಲ್ಲಿ ನಾವೂ ಎಡವಬಹುದು.

ಇದೇ ಹೊತ್ತಿನಲ್ಲಿ ಬೇರೆ ಕೆಲವರು ಪ್ರಾಣಿಯನ್ನು ಅದು ಇದ್ದ ಜಾಗದಲ್ಲೇ ನೋಡಿ, ಅಲ್ಲಿಯ ಜನ ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ಬರೆದುಕೊಂಡರು. ಇವರ ಬರಹಗಳಿಗೆ ಹೆಚ್ಚು ಬೆಲೆ ಕೊಡಬೇಕು. ದಖನ್ ಪ್ರಾಂತದಲ್ಲಿದ್ದ ವಿಲಿಯಂ ಹೆನ್ರಿ ಸೈಕ್ಸ್ 1831ರಲ್ಲಿ ಇದಕ್ಕೆ ‘ಕ್ಯಾನಿಸ್ ದುಖುನೆನ್ಸಿಸ್’ ಎಂದು ಹೆಸರಿಟ್ಟ, ದಖನ್ನಿನ ನಾಯಿ ಎಂದರ್ಥ. ಮರಾಠರು ಇದನ್ನು ‘ಕೋಲ್ಸುನ್’ ಎನ್ನುತ್ತಾರೆ ಎಂದು ದಾಖಲಿಸಿದ. ಇಂದಿಗೂ ಮರಾಠಿಯಲ್ಲಿ ಅದು ಕೋಳಸುಂದ. ನೇಪಾಳದಲ್ಲಿದ್ದ ಬ್ರಯಾನ್ ಹಾಟನ್ ಹಾಡ್ಜ್‌ಸನ್ 1833ರಲ್ಲಿ ಅಲ್ಲಿಯ ‘ಬುವಾನ್ಸು’ ಎಂಬ ಹೆಸರನ್ನು ಬರೆದುಕೊಂಡ. ಇದನ್ನು ನಾಯಿ-ತೋಳಗಳ ಕುಲದಿಂದ ಬೇರ್ಪಡಿಸಿ ‘ಕುವಾನ್’ ಎಂಬ ಹೊಸ ಕುಲ ಮಾಡಿದವನೂ ಅವನೇ, 1838ರಲ್ಲಿ. ಹಿಂದಿಯಲ್ಲಿ ಸೋನ್‌ಕುತ್ತಾ ಎನ್ನುತ್ತಾರೆ, ಚಿನ್ನದ ಬಣ್ಣದ ನಾಯಿ. ತಮಿಳಿನಲ್ಲಿ ಸೆನ್ನಾಯ್. ಇಷ್ಟು ಹೆಸರುಗಳಲ್ಲಿ ‘ಧೋಲ್’ ಎಲ್ಲಿದೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಬೇಟೆಪ್ರಾಣಿಗಳ ಬಗ್ಗೆ ಬರೆದ ರಿಚರ್ಡ್ ಲಿಡೆಕ್ಕರ್, ಈ ಪ್ರಾಣಿ ಇರುವ ಸೀಮೆಗಳ ಜನ ಆ ಪದವನ್ನು ಬಳಸುವುದೇ ಇಲ್ಲ ಎಂದು ಹೇಳಿಬಿಟ್ಟ.

ಅಂದರೆ ಸ್ಥಳೀಯರ ಪದ ಎಂದು ಇಂಗ್ಲಿಷಿಗೆ ಹೋದ ಪದ ಸ್ಥಳೀಯರ ಬಾಯಲ್ಲಿಲ್ಲ. ಆ ಖಾಲಿ ಜಾಗದಲ್ಲಿ ಕನ್ನಡದ ತೋಳ ಬಂದು ನಿಂತಿದೆ.

ತೋಳದ ಪರವಾಗಿ ಏನು ಹೇಳಬಹುದು? ಕೊನೆಯಿಂದ ಶುರು ಮಾಡೋಣ. ನಮ್ಮ ‘ಳ’ ಇಂಗ್ಲಿಷರ ಬಾಯಲ್ಲಿ ‘ಲ’ ಆಗುವುದು ಗೊತ್ತಿರುವ ಸಂಗತಿ. ಮಂಗಳೂರು ಮ್ಯಾಂಗಲೋರ್ ಆಯಿತು, ಬಳ್ಳಾರಿ ಬೆಲ್ಲರಿ ಆಯಿತು. ಪದದ ಕೊನೆಯ ಸ್ವರ ಬಿದ್ದುಹೋಗುವುದೂ ಹೊಸದಲ್ಲ. ಹಾಗಾಗಿ ‘ತೋಳ’ ‘ತೋಲ್’ ಆಗುವವರೆಗೆ ತಕರಾರಿಲ್ಲ. ತೊಡಕಿರುವುದು ಮೊದಲ ಅಕ್ಷರದಲ್ಲಿ. ‘ತ’ಕಾರ ‘ದ’ಕಾರವೋ ‘ಧ’ಕಾರವೋ ಆಗಿದ್ದು ಹೇಗೆ? ತುಮಕೂರು ಟಮ್‌ಕೂರ್ ಆಯಿತೇ ಹೊರತು ಡಮ್‌ಕೂರ್ ಆಗಲಿಲ್ಲ.

ಇಲ್ಲಿ ತೆಲುಗಿನ ಒಂದು ಪದವನ್ನು ನೋಡಬೇಕು. ಇಂಗ್ಲಿಷಿನಲ್ಲಿ ಹೆಗ್ಗಣಕ್ಕೆ ‘ಬ್ಯಾಂಡಿಕೂಟ್’ ಎನ್ನುತ್ತಾರೆ. ಅದು ತೆಲುಗಿನ ‘ಪಂದಿಕೊಕ್ಕು’. ಪಂದಿ ಎಂದರೆ ನಮ್ಮ ಹಂದಿ. ಹಳಗನ್ನಡದಲ್ಲಿ ನಮ್ಮದೂ ಪಂದಿಯೇ. ಕೊಕ್ಕು ಎಂದರೆ ಇಲಿ. ಹಂದಿಯಷ್ಟು ದಪ್ಪಗಿರುವ ಇಲಿ. ಈ ಪದದ ಪ್ರಯಾಣದ ಬಗ್ಗೆ ಯಾರಿಗೂ ಸಂಶಯವಿಲ್ಲ, ಎಲ್ಲ ನಿಘಂಟುಗಳೂ ಒಪ್ಪುತ್ತವೆ. ಅದರಲ್ಲಿ ಮೊದಲ ‘ಪ’ ಇಂಗ್ಲಿಷಿಗೆ ಹೋಗುವಾಗ ‘ಬ’ ಆಗಿದೆ. ‘ಪ’ ‘ಬ’ ಆಗುವುದಾದರೆ ‘ತ’ ‘ದ’ ಆಗಬಾರದೇಕೆ? ಅದೇ ಬಗೆಯ ಬದಲಾವಣೆ. ಬ್ಯಾಂಡಿಕೂಟ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಆಸ್ಟ್ರೇಲಿಯಾಕ್ಕೆ ಹೋದ ಇಂಗ್ಲಿಷರು ಅಲ್ಲಿ ಹೊಟ್ಟೆಚೀಲದ ಒಂದು ಸಣ್ಣ ಪ್ರಾಣಿಯನ್ನು ಕಂಡು ಅದಕ್ಕೂ ಇದೇ ಹೆಸರಿಟ್ಟರು. ಹೆಗ್ಗಣಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಇಂದು ಆಸ್ಟ್ರೇಲಿಯಾದ ಮಕ್ಕಳಿಗೆ ಬ್ಯಾಂಡಿಕೂಟ್ ಎಂದರೆ ಆ ಪ್ರಾಣಿಯೇ. ಒಂದು ಪ್ರಾಣಿಯ ಹೆಸರು ಇನ್ನೊಂದರ ಮೈಗೆ ಅಂಟಿಕೊಳ್ಳಲು ಹೆಚ್ಚು ಕಾರಣ ಬೇಕಿಲ್ಲ.

ಇನ್ನು ಕನ್ನಡದ ಒಳಗಿನ ಒಂದು ದಾರಿ. ಇದು ನನಗೆ ಹೊಳೆದದ್ದು, ಯಾವ ನಿಘಂಟೂ ಹೇಳಿಲ್ಲ. ಹಾಗೆಂದೇ ಅನುಮಾನದಿಂದ ಕೇಳಿ. ಶಾಲೆಯಲ್ಲಿ ಆದೇಶ ಸಂಧಿ ಕಲಿತಿದ್ದೇವೆ. ಎರಡು ಪದ ಸೇರುವಾಗ ಎರಡನೆಯದರ ಮೊದಲಿರುವ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ. ಮಳೆ, ಕಾಲ ಸೇರಿ ಮಳೆಗಾಲ. ಕಣ್, ಪನಿ ಸೇರಿ ಕಂಬನಿ. ಕೆಂಪು ಬಣ್ಣದ ತುಟಿ ಕೆಂದುಟಿ, ಕೆಂಪು ತಾವರೆ ಕೆಂದಾವರೆ. ಹಾಗಾದರೆ ಕೆಂಪು ತೋಳ? ಕೆಂದೋಳ. ಕಾವಿ ಬಣ್ಣದ ಈ ಪ್ರಾಣಿಯನ್ನು ಯಾವುದೋ ಊರಿನವರು ಕೆಂದೋಳ ಎಂದಿದ್ದರೆ, ಆ ಮಾತು ಕೇಳಿದ ಪರದೇಶಿಯ ಕಿವಿಗೆ ‘ದೋಳ’ ಬಿದ್ದಿರಲು ಸಾಧ್ಯ. ‘ತ’ ‘ದ’ ಆದ ಕಗ್ಗಂಟು ನಮ್ಮ ವ್ಯಾಕರಣದಿಂದಲೇ ಬಿಡಿಸಿಕೊಳ್ಳುತ್ತದೆ!

ಎಷ್ಟು ಚೆನ್ನಾಗಿದೆ ನೋಡಿ. ಚೆನ್ನಾಗಿರುವುದೇ ಇದರ ಅಪಾಯ. ಕೆಂದೋಳ ಎಂಬುದು ನಾನು ಸೂತ್ರ ಹಚ್ಚಿ ಕಟ್ಟಿದ ರೂಪ, ಜನರ ಬಾಯಿಂದ ಕೇಳಿದ್ದಲ್ಲ. ಜನರು ಹೇಳುವುದು ಕೆನ್ನಾಯಿ. ಸೂತ್ರದಿಂದ ಹುಟ್ಟಿದ ಪದ ಸಾಕ್ಷಿ ಆಗುವುದಿಲ್ಲ; ಎಲ್ಲಿ ಹುಡುಕಬೇಕು ಎಂದು ತೋರಿಸುತ್ತದೆ, ಅಷ್ಟೇ.

ಕೆನ್ನಾಯಿಯ ಹತ್ತಿರ ಬಂದಿದ್ದೇವಾದ್ದರಿಂದ ಅರ್ಥದ ಪ್ರಶ್ನೆಯನ್ನೂ ಇಲ್ಲೇ ಎತ್ತಿಕೊಳ್ಳುತ್ತೇನೆ. ತೋಳ ಬೇರೆ, ಕಾಡುನಾಯಿ ಬೇರೆ. ತೋಳ ನಮ್ಮಲ್ಲಿ ಬಯಲಿನ ಪ್ರಾಣಿ. ಕೊಪ್ಪಳ, ಗದಗ, ಬಳ್ಳಾರಿ ಕಡೆಯ ಕುರುಚಲು ಬೆಟ್ಟಗಳಲ್ಲಿ, ಕುರಿಹಟ್ಟಿಗಳ ಸುತ್ತಮುತ್ತ ಅದರ ಬದುಕು. 1974ರಲ್ಲಿ ಮೇಲುಕೋಟೆಯ ಕಾಡನ್ನು ವನ್ಯಧಾಮ ಮಾಡಿದ್ದೂ ತೋಳಗಳಿಗಾಗಿ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯಲ್ಲಿ ಕುರಿ ಕಳೆದುಕೊಂಡವರ ಸಿಟ್ಟು ಇದೆ. ಕಾಡುನಾಯಿ ಊರಿನ ಹತ್ತಿರ ಸುಳಿಯುವುದೇ ಕಡಿಮೆ; ಅದಕ್ಕೆ ದಟ್ಟ ಕಾಡು, ಜಿಂಕೆ ಹಿಂಡು ಬೇಕು. ಎರಡನ್ನೂ ಬಲ್ಲ ಕುರಿಗಾಹಿ ಒಂದರ ಹೆಸರನ್ನು ಇನ್ನೊಂದಕ್ಕೆ ಕೊಡಲಾರ. ಆದರೆ ಎರಡರಲ್ಲಿ ಒಂದನ್ನು ಮಾತ್ರ ಬಲ್ಲವರು?

ಅದಕ್ಕೆ ಉತ್ತರ ಮಲಯಾಳದಲ್ಲಿ ಸಿಗುತ್ತದೆ. ‘ಕ’ಕಾರದ ಮುಂದೆ ಎ, ಇ ಸ್ವರಗಳು ಬಂದಾಗ ಕನ್ನಡ ‘ಕ’ವನ್ನು ಉಳಿಸಿಕೊಂಡಿತು, ತಮಿಳು, ಮಲಯಾಳ, ತೆಲುಗುಗಳಲ್ಲಿ ಅದು ‘ಚ’ ಆಗಿಬಿಟ್ಟಿತು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಚೆರುವು. ಅದೇ ಲೆಕ್ಕದಲ್ಲಿ ನಮ್ಮ ಕೆನ್ನಾಯಿ ಮಲಯಾಳದ ಚೆನ್ನಾಯ. ಪದ ಒಂದೇ, ಕೆಂಪು ನಾಯಿ. ಆದರೆ ಇಂದು ಮಲಯಾಳಿಗಳಿಗೆ ಚೆನ್ನಾಯ ಎಂದರೆ ತೋಳ! ಮಕ್ಕಳ ಕಥೆಯಲ್ಲಿ ಕುರಿಮರಿಯ ಜತೆ ಜಗಳ ತೆಗೆಯುವ ತೋಳ ಅಲ್ಲಿ ಚೆನ್ನಾಯ. ತೋಳ ಅಷ್ಟಾಗಿ ಇಲ್ಲದ ನೆಲದಲ್ಲಿ ಕೆಂಪು ನಾಯಿಯ ಹೆಸರು ತೋಳಕ್ಕೆ ದಾಟಿತು. ಒಂದು ದಿಕ್ಕಿನಲ್ಲಿ ದಾಟಿದ್ದು ಎದುರು ದಿಕ್ಕಿನಲ್ಲೂ ದಾಟಬಹುದು. ಕನ್ನಡದ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಬೇರೆ ಕಾಣುವುದಿಲ್ಲ.

ಈಗ ರಾಮಗಢಕ್ಕೆ ಮರಳಲೇಬೇಕು. ನಮ್ಮ ಬೀದರಿನಿಂದಲೂ ಅದು ಸುಮಾರು ಸಾವಿರ ಕಿಲೋಮೀಟರು ದೂರ. ಅಲ್ಲಿನ ಕಾಡುಗಳಲ್ಲಿ ಸಂತಾಲಿ, ಮುಂಡಾರಿ ಮಾತಾಡುವವರಿದ್ದಾರೆ. ಕುಡುಖ್ ಮಾತಾಡುವ ಉರಾಂವ್ ಜನರಿದ್ದಾರೆ. ಕುಡುಖ್ ದ್ರಾವಿಡ ಭಾಷೆ, ಕನ್ನಡದ ದೂರದ ದಾಯಾದಿ. ಅಲ್ಲಿಯ ಜನ ಸಾಮಾನ್ಯವಾಗಿ ಬಳಸುವ ಹೆಸರು ಎಂದು ವಿಲಿಯಮ್ಸನ್ ಹೇಳಿದ್ದು ನಿಜವಾದರೆ ಮೊದಲು ಆ ಭಾಷೆಗಳನ್ನು ಕೇಳಬೇಕು, ಆಮೇಲೆ ಕನ್ನಡವನ್ನು. ಮೈಸೂರು ಆ ಹೊತ್ತಿಗೆ ಕಂಪನಿಯವರಿಗೆ ಅಪರಿಚಿತವಾಗಿರಲಿಲ್ಲ ಎನ್ನುವುದೂ ನಿಜ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಕನ್ನಡದ ಪದವೊಂದು ಇಂಗ್ಲಿಷ್ ಅಧಿಕಾರಿಗಳ ನಡುವೆ ಓಡಾಡಲು ಅವಕಾಶವಿತ್ತು. ಅವಕಾಶವಿತ್ತು ಎಂಬುದರಿಂದ ಓಡಾಡಿತು ಎಂದಾಗುವುದಿಲ್ಲ.

ದಾರಿ ಏಕೆ ಇಷ್ಟು ಮುಖ್ಯ ಎಂದು ಕೇಳುವವರಿಗೆ ಅಡಿಕೆಯ ಉದಾಹರಣೆ ಸಾಕು. ಅಡಿಕೆಗೆ ಇಂಗ್ಲಿಷಿನಲ್ಲಿ ‘ಅರೆಕಾ’ ಎಂಬ ಹೆಸರಿದೆ. ಶಿರಸಿ, ಸಾಗರ, ತೀರ್ಥಹಳ್ಳಿಯವರು ಇದು ನಮ್ಮ ಅಡಿಕೆಯೇ ಎಂದರೆ ದನಿಯ ಮಟ್ಟಿಗೆ ತಪ್ಪಲ್ಲ. ಆದರೂ ನಿಘಂಟುಗಳು ಆ ಪದವನ್ನು ಸಾಮಾನ್ಯವಾಗಿ ಮಲಯಾಳದ ‘ಅಡಯ್ಕ’ದ ಲೆಕ್ಕಕ್ಕೆ ಹಾಕುತ್ತವೆ. 1498ರಲ್ಲಿ ಬಂದಿಳಿದ ಪೋರ್ಚುಗೀಸರು ಮೊದಲು ವ್ಯಾಪಾರ ಕುದುರಿಸಿದ್ದು ಕಲ್ಲಿಕೋಟೆ, ಕೊಚ್ಚಿಗಳಲ್ಲಿ. ಪದ ಇಂಗ್ಲಿಷಿಗೆ ಹೋದದ್ದು ಅವರ ಮೂಲಕ. ಯಾರು ಯಾರ ಬಾಯಿಂದ ಎಲ್ಲಿ ಕೇಳಿದರು ಎಂಬುದು ಅಲ್ಲಿ ತೀರ್ಮಾನ ಮಾಡಿತು. ಅಡಿಕೆಯ ವಿಚಾರದಲ್ಲಿ ಈ ನ್ಯಾಯವನ್ನು ಒಪ್ಪಿ ತೋಳದ ವಿಚಾರದಲ್ಲಿ ಬಿಡುವುದು ಸರಿಯಲ್ಲ.

ಹೀಗೆ ಬೇರು ಸಿಗದ ಪದ ಇಂಗ್ಲಿಷಿನಲ್ಲಿ ಸಾಯದೆ ಉಳಿದದ್ದು ಹೇಗೆ? ಅದಕ್ಕೆ ಮುಖ್ಯ ಕಾರಣ ರುಡ್ಯಾರ್ಡ್ ಕಿಪ್ಲಿಂಗ್. 1895ರಲ್ಲಿ ಬಂದ ಅವನ ಎರಡನೆಯ ಜಂಗಲ್ ಪುಸ್ತಕದಲ್ಲಿ ಕೆಂಪು ನಾಯಿಯದೇ ಒಂದು ಕಥೆಯಿದೆ. ಮೋಗ್ಲಿಯ ತೋಳಗಳ ಗುಂಪಿನ ಮೇಲೆ ಧೋಲ್‌ಗಳ ದಂಡು ಎರಗುತ್ತದೆ. ಅವು ಬರುವುದು ದಖನ್ನಿನಿಂದ, ದಕ್ಷಿಣದಿಂದ ಉತ್ತರಕ್ಕೆ. ಭಾಲು, ಬಘೀರ, ಹಾಥಿ, ಚೀಲ್ ಎಂದು ಹಿಂದೂಸ್ತಾನಿ ಹೆಸರುಗಳನ್ನೇ ಆರಿಸಿಕೊಂಡ ಕಿಪ್ಲಿಂಗ್ ಈ ಪ್ರಾಣಿಗೆ ಮಾತ್ರ ಸೋನ್‌ಕುತ್ತಾ ಎನ್ನಲಿಲ್ಲ, ಧೋಲ್ ಎಂದ. ಅವನ ಕಥೆಯಲ್ಲಿ ಧೋಲ್ ಮತ್ತು ತೋಳ ಎದುರಾಳಿಗಳು ಎಂಬುದು ಕನ್ನಡದ ಓದುಗನಿಗೆ ಬೇರೆಯೇ ಬಗೆಯಲ್ಲಿ ಕೇಳಿಸುತ್ತದೆ. ಇಂಗ್ಲಿಷ್ ಓದುವ ಮಕ್ಕಳ ಮನಸ್ಸಿನಲ್ಲಿ ಪದ ಊರಿತು. ಈಗ ನಮ್ಮ ವನ್ಯಜೀವಿ ಛಾಯಾಗ್ರಾಹಕರೂ ಕಬಿನಿ ಹಿನ್ನೀರಿನ ದಂಡೆಯಲ್ಲಿ ನಿಂತು ಧೋಲ್ ಎನ್ನುತ್ತಾರೆ.

ನನಗೆ ಇದು ನೋವಿನ ಸಂಗತಿ. ಕೆನ್ನಾಯಿ ಎಂಬ ಹೆಸರು ಪ್ರಾಣಿಯ ಬಣ್ಣ ಹೇಳುತ್ತದೆ. ಸೀಳುನಾಯಿ ಅದು ತಿನ್ನುವ ರೀತಿಯನ್ನು ಹೇಳುತ್ತದೆ. ಧೋಲ್ ಎಂಬ ಪದ ಇಂದು ನಮ್ಮ ಯಾರಿಗೂ ಏನನ್ನೂ ಹೇಳುವುದಿಲ್ಲ. ಅಂದ ಹಾಗೆ, ಸೀಳುನಾಯಿಯ ‘ಸೀಳು’ ಶಿಳ್ಳೆಗೆ ಸಂಬಂಧಿಸಿದ್ದು, ಶಿಳ್ಳೆ ಹಾಕುವ ನಾಯಿ ಎಂದು ಅರ್ಥ ಮಾಡಬೇಕೆಂಬ ಆಸೆ ಹುಟ್ಟುತ್ತದೆ. ಪ್ರಾಣಿ ಶಿಳ್ಳೆ ಹಾಕುವುದು ನಿಜ, ದನಿಯೂ ಹತ್ತಿರವಿದೆ. ಆದರೆ ಸೀಳು ಎಂಬ ಕ್ರಿಯಾಪದ ಕಣ್ಣೆದುರು ನೇರವಾಗಿ ಕೂತಿರುವಾಗ ಅದನ್ನು ಬಿಟ್ಟು ಶಿಳ್ಳೆಯ ಬೆನ್ನು ಹತ್ತಿದರೆ ನಾವೂ ಹ್ಯಾಮಿಲ್ಟನ್ ಸ್ಮಿತ್ ಮಾಡಿದ್ದನ್ನೇ ಮಾಡುತ್ತೇವೆ.

ಹಾಗಾದರೆ ನನ್ನ ತೀರ್ಪೇನು? ತೋಳದ ವಾದ ತುರ್ಕಿಯ ‘ದೆಲಿ’ಗಿಂತ ಎಷ್ಟೋ ಮೇಲು. ದನಿಯ ತೊಡಕಿಗೆ ಪಂದಿಕೊಕ್ಕಿನ ಪೂರ್ವನಿದರ್ಶನವಿದೆ, ಅರ್ಥದ ತೊಡಕಿಗೆ ಚೆನ್ನಾಯ ಇದೆ. ಊರಿನ ತೊಡಕು ಮಾತ್ರ ಹಾಗೇ ಉಳಿದಿದೆ. ಅದನ್ನು ಬಿಡಿಸದೆ ‘ಬಹುಶಃ’ವನ್ನು ತೆಗೆದುಹಾಕಲು ನಾನು ಒಪ್ಪುವುದಿಲ್ಲ, ಲಾಭ ನಮ್ಮ ಭಾಷೆಗೇ ಆಗುವುದಿದ್ದರೂ.

ಬಿಡಿಸಲು ಎರಡು ಕೆಲಸವಾಗಬೇಕು. ಒಂದು, ವಿಲಿಯಮ್ಸನ್‌ನ ಪುಸ್ತಕಕ್ಕಿಂತ ಹಿಂದಿನ ಕಂಪನಿ ಅಧಿಕಾರಿಗಳ ಪತ್ರ, ದಿನಚರಿಗಳಲ್ಲಿ ಈ ಪದವನ್ನು ಹುಡುಕುವುದು; ಅದರಲ್ಲೂ ದಕ್ಷಿಣದಲ್ಲಿದ್ದವರ ಬರಹಗಳಲ್ಲಿ. ಅದು ಗ್ರಂಥಭಂಡಾರದ ಕೆಲಸ. ಇನ್ನೊಂದು ನಿಮ್ಮ ಕೈಲಾಗುವಂಥದು. ನಿಮ್ಮಲ್ಲಿ ಚಾಮರಾಜನಗರ, ಕೊಡಗು, ಉತ್ತರ ಕನ್ನಡದಿಂದ ಬಂದವರಿದ್ದೀರಿ. ಊರಿಗೆ ಹೋದಾಗ ಕಾಡಂಚಿನ ಹಿರಿಯರನ್ನು ಮಾತಾಡಿಸಿ. ಇದನ್ನು ತೋಳ ಎನ್ನುತ್ತೀರಾ ಎಂದು ಮಾತ್ರ ಕೇಳಬೇಡಿ; ಹಾಗೆ ಕೇಳಿದರೆ ನಿಮ್ಮ ಮೇಲಿನ ಗೌರವಕ್ಕೆ ಹೌದು ಎಂದುಬಿಡುತ್ತಾರೆ. ಪ್ರಾಣಿಯ ಚಿತ್ರ ತೋರಿಸಿ, ಇದು ಏನು ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಉಚ್ಚಾರಣೆಯಲ್ಲೇ ಬರೆದುಕೊಳ್ಳಿ. ಊರು, ವಯಸ್ಸು, ಮನೆಮಾತು ಸೇರಿಸಿ. ಯಾರಾದರೂ ತಾವಾಗಿ ತೋಳ ಎಂದೋ ಕೆಂದೋಳ ಎಂದೋ ಹೇಳಿದರೆ ಅಲ್ಲಿಗೇ ಕುಣಿದಾಡದೆ ಇನ್ನೊಂದು ಪ್ರಶ್ನೆ ಕೇಳಿ: ಅದು ಊಳಿಡುತ್ತದೆಯೋ, ಶಿಳ್ಳೆ ಹಾಕುತ್ತದೆಯೋ? ಊಳಿಡುತ್ತದೆ ಎಂದರೆ ಅವರು ಹೇಳುತ್ತಿರುವುದು ಬಯಲಿನ ತೋಳದ ಬಗ್ಗೆ. ಶಿಳ್ಳೆ ಹಾಕುತ್ತದೆ ಎಂದರೆ ದಯವಿಟ್ಟು ನನಗೆ ತಿಳಿಸಿ.